ನೂರೈವತ್ತು ಕಿಲೊ ಸಾಕು

ಶುಕ್ರವಾರ ಸಂಜೆ ಅತ್ತಿಬೆಲೆ ದಾಟಿದರೆ ಹೆದ್ದಾರಿಯ ಎಡಬದಿಯಲ್ಲಿ ಬೈಕುಗಳ ಸಾಲು ಕಾಣುತ್ತದೆ. ಬೆನ್ನಿಗೆ ಬ್ಯಾಗು, ಹಿಂದಿನ ಸೀಟಿಗೆ ಹಗ್ಗದಲ್ಲಿ ಬಿಗಿದ ಇನ್ನೊಂದು ಬ್ಯಾಗು. ಬೊಮ್ಮಸಂದ್ರ, ಎಲೆಕ್ಟ್ರಾನಿಕ್ ಸಿಟಿ, ಹೊಸೂರಿನ ಕಾರ್ಖಾನೆಗಳಲ್ಲಿ ದುಡಿಯುವ ಹುಡುಗರು ಧರ್ಮಪುರಿ, ಸೇಲಂ ಕಡೆಯ ಊರುಗಳಿಗೆ ಹೊರಟಿರುತ್ತಾರೆ. ಪಾಲಕ್ಕೋಡು, ಪೆನ್ನಾಗರಂ ಸುತ್ತಿನ ಹಳ್ಳಿಗಳವರಾದರೆ ಮನೆಯಲ್ಲಿ ಕನ್ನಡವೇ ಆಡುವವರೂ ಅವರಲ್ಲಿದ್ದಾರೆ. ಮೊದಲ ಸಂಬಳ ಕೈಗೆ ಬಂದಾಗ ಈ ಮನೆಗಳಲ್ಲಿ ಏಳುವ ಮೊದಲ ಚರ್ಚೆ ಒಂದೇ: ಯಾವ ಗಾಡಿ ತೆಗೆಯೋದು? ಜಾಹೀರಾತು ದೊಡ್ಡ ಎಂಜಿನ್ನಿನತ್ತ ಎಳೆಯುತ್ತದೆ, ಗೆಳೆಯರು ಬುಲೆಟ್ಟಿನತ್ತ ಎಳೆಯುತ್ತಾರೆ, ಅಪ್ಪ ಮೈಲೇಜಿನ ಕಡೆ ಎಳೆಯುತ್ತಾರೆ.

ಈ ಎರಡು ಜಿಲ್ಲೆಗಳ ರಸ್ತೆಗಳನ್ನು ಕಂಡವನಾಗಿ ನನ್ನ ಉತ್ತರ ನೇರವಾದದ್ದು. ನೂರೈವತ್ತು ಕಿಲೊ ಒಳಗಿನ, ಮುಸುಕಿಲ್ಲದ, ಸರಳವಾದ ಗಾಡಿ ತೆಗೆದುಕೊಳ್ಳಿ. ವಾರದ ಆರು ದಿನ ಕೆಲಸಕ್ಕೂ ಅದೇ, ಏಳನೆಯ ದಿನ ಏರ್ಕಾಡು ಹತ್ತುವುದಕ್ಕೂ ಅದೇ.

ಮಾರಾಟದವರು ಇವನ್ನು ನೇಕೆಡ್ ಬೈಕ್ ಎನ್ನುತ್ತಾರೆ. ಎಂಜಿನ್ನಿನ ಸುತ್ತ ಪ್ಲಾಸ್ಟಿಕ್ಕಿನ ಫೇರಿಂಗ್ ಇರುವುದಿಲ್ಲ. ಟ್ಯಾಂಕು, ಚೌಕಟ್ಟು, ಎಂಜಿನ್ನು, ಸೈಲೆನ್ಸರ್ ಎಲ್ಲ ಕಣ್ಣಿಗೆ ಕಾಣುತ್ತವೆ, ಕೈಗೆ ಸಿಗುತ್ತವೆ. ಹ್ಯಾಂಡಲ್ ಅಗಲ, ಕೂತವನ ಬೆನ್ನು ಹೆಚ್ಚು ಕಡಿಮೆ ನೆಟ್ಟಗೆ, ಕಾಲು ಸುಲಭವಾಗಿ ನೆಲಕ್ಕೆ ಎಟಕುತ್ತದೆ. ಎಂಜಿನ್ ಒಂದೇ ಸಿಲಿಂಡರಿನದು, ಬಹುಪಾಲು ಗಾಡಿಗಳಲ್ಲಿ ಗಾಳಿಯಿಂದಲೇ ತಣಿಯುವಂಥದ್ದು. ರೇಡಿಯೇಟರ್ ಇಲ್ಲ, ಕೂಲಂಟ್ ಇಲ್ಲ, ಸೋರುವ ಕೊಳವೆ ಇಲ್ಲ.

ಇಂಥ ಗಾಡಿಯ ಚರಿತ್ರೆ ಈ ನೆಲಕ್ಕೇ ಸೇರಿದ್ದು ಎಂಬುದನ್ನು ಇಲ್ಲಿಯವರೇ ಹೆಚ್ಚಾಗಿ ನೆನೆಯುವುದಿಲ್ಲ. ಸೇಲಂ ಜಿಲ್ಲೆಯಿಂದ ಧರ್ಮಪುರಿ ಬೇರೆಯಾದದ್ದು 1965ರಲ್ಲಿ. ಧರ್ಮಪುರಿಯಿಂದ ಕೃಷ್ಣಗಿರಿ ಬೇರೆಯಾದದ್ದು 2004ರಲ್ಲಿ. ನಡುವಿನ ಆ ನಾಲ್ಕು ದಶಕ ಹೊಸೂರು ಧರ್ಮಪುರಿ ಜಿಲ್ಲೆಯ ಊರಾಗಿತ್ತು. ಇಬ್ಬರು ಕೂರಬಹುದಾದ ಟಿವಿಎಸ್ 50 ಮೊಪೆಡ್ 1980ರಲ್ಲಿ ಬಂದದ್ದು ಅಲ್ಲಿಂದ. 1984ರಲ್ಲಿ ಜಪಾನಿನ ಸುಜುಕಿ ಜತೆಗೂಡಿ ಅಲ್ಲೇ ತಯಾರಾದ ಇಂಡ್-ಸುಜುಕಿ ಎಎಕ್ಸ್ 100 ನಮ್ಮ ದೇಶದ ಮೊದಲ ಭಾರತ-ಜಪಾನ್ ನೂರು ಸಿಸಿ ಬೈಕು. ಅದುವರೆಗೆ ನಮ್ಮವರ ಮುಂದಿದ್ದ ಆಯ್ಕೆ ಮದರಾಸಿನ ಭಾರದ ಎನ್‌ಫೀಲ್ಡ್, ಫರೀದಾಬಾದಿನ ರಾಜ್‌ದೂತ್, ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ ಮತ್ತು ಯೆಜ್ಡಿ. ಎಲ್ಲವೂ ಗಟ್ಟಿ ಗಾಡಿಗಳೇ. ಯೆಜ್ಡಿಯ ಸದ್ದು ಕೇಳಿದರೆ ಇಂದಿಗೂ ತಿರುಗಿ ನೋಡುವವರಿದ್ದಾರೆ. ಆದರೆ ಹಗುರವಾಗಿದ್ದೂ ಚುರುಕಾಗಿ ಓಡಬಲ್ಲ, ಒಂದು ಕಿಕ್ಕಿಗೆ ಚಾಲೂ ಆಗಬಲ್ಲ ಗಾಡಿ ಹೇಗಿರುತ್ತದೆ ಎಂದು ತೋರಿಸಿದ್ದು ಆ ನೂರು ಸಿಸಿ ಪೀಳಿಗೆ. ಮರುವರ್ಷವೇ, 1985ರಲ್ಲಿ, ಹೀರೊ ಹೋಂಡಾ ಸಿಡಿ 100 ಮತ್ತು ಯಮಹಾ ಆರ್‌ಎಕ್ಸ್ 100 ಬಂದವು.

ಹೊಸೂರಿನ ಕತೆ ಅಲ್ಲಿಗೆ ನಿಲ್ಲಲಿಲ್ಲ. 2001ರಲ್ಲಿ ಸುಜುಕಿ ಜತೆಗಿನ ನಂಟು ಕಡಿದುಕೊಂಡ ಟಿವಿಎಸ್ ಅದೇ ವರ್ಷ ತನ್ನದೇ ವಿನ್ಯಾಸದ ವಿಕ್ಟರ್ ತಂದಿತು. 2007ರಲ್ಲಿ ಅಪಾಚೆ ಆರ್‌ಟಿಆರ್ 160 ಬಂತು. 2013ರಲ್ಲಿ ಜರ್ಮನಿಯ ಬಿಎಂಡಬ್ಲ್ಯು ಜತೆ ಒಪ್ಪಂದವಾಯಿತು. ಅದರ ಫಲವಾದ ಜಿ 310 ಆರ್, 313 ಸಿಸಿಯ, 160 ಕಿಲೊ ಒಳಗಿನ ಮುಸುಕಿಲ್ಲದ ಬೈಕು, ಹೊಸೂರಿನಲ್ಲಿ ತಯಾರಾಗಿ ಪರದೇಶಗಳಿಗೂ ಹೋಯಿತು. ಜರ್ಮನ್ ಲಾಂಛನ ಹೊತ್ತ ಬೈಕನ್ನು ಜೋಡಿಸಿದ ಕೈಗಳಲ್ಲಿ ಧರ್ಮಪುರಿ, ಕೃಷ್ಣಗಿರಿಯ ಕೈಗಳೂ ಇದ್ದವು ಎಂಬುದು ನನಗೆ ಹೆಮ್ಮೆಯ ಮಾತು.

ಇನ್ನು ತೂಕದ ಲೆಕ್ಕಕ್ಕೆ ಬರೋಣ. ಹೀರೊ ಸ್ಪ್ಲೆಂಡರ್ ಸುಮಾರು 112 ಕಿಲೊ. ಟಿವಿಎಸ್ ರೈಡರ್ 125 ಸುಮಾರು 123. ಅಪಾಚೆ ಆರ್‌ಟಿಆರ್ 160ರ ನಾಲ್ಕು ವಾಲ್ವಿನ ಮಾದರಿ 144ರ ಆಸುಪಾಸು. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಹತ್ತಿರ ಹತ್ತಿರ 195. ಶಕ್ತಿ ಎಂದರೆ ಸಿಸಿ ಎಂದು ನಂಬಿದವರು ಕೊನೆಯ ಎರಡನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಅಪಾಚೆಗೆ ಸುಮಾರು ಹದಿನೇಳೂವರೆ ಅಶ್ವಶಕ್ತಿ, ಕ್ಲಾಸಿಕ್‌ಗೆ ಇಪ್ಪತ್ತು ಚಿಲ್ಲರೆ. ಎಪ್ಪತ್ತು ಕಿಲೊ ತೂಗುವ ಸವಾರ ಕೂತ ಮೇಲೆ ಒಂದೊಂದು ಅಶ್ವಶಕ್ತಿ ಎಳೆಯಬೇಕಾದ ಭಾರ ಅಪಾಚೆಯಲ್ಲಿ ಹನ್ನೆರಡು ಕಿಲೊ, ಕ್ಲಾಸಿಕ್‌ನಲ್ಲಿ ಸುಮಾರು ಹದಿಮೂರು. ಎಂಜಿನ್ ಅರ್ಧಕ್ಕಿಂತ ಚಿಕ್ಕದಾಗಿದ್ದೂ ಲೆಕ್ಕ ಹಗುರದ ಗಾಡಿಯ ಪರವಾಗಿಯೇ ಬರುತ್ತದೆ. ಬುಲೆಟ್ಟಿನವರಿಗೆ ನನ್ನ ತಕರಾರಿಲ್ಲ. ಕಡಿಮೆ ವೇಗದಲ್ಲೇ ಅದು ಕೊಡುವ ಎಳೆತ ಬೇರೆಯೇ, ಆ ಸುಖವೂ ಬೇರೆ. ಆದರೆ ಇಕ್ಕಟ್ಟಾದ ಮನೆಯಂಗಳದಿಂದ ದಿನಾ ಬೆಳಿಗ್ಗೆ ಹಿಂದಕ್ಕೆ ತಳ್ಳಿ ಹೊರತೆಗೆಯಬೇಕಾದದ್ದು ಆ ಎಳೆತವನ್ನಲ್ಲ, 195 ಕಿಲೊ ಕಬ್ಬಿಣವನ್ನು.

ಸೇಲಂ ಪೇಟೆಯನ್ನೇ ನೋಡಿ. ಐದು ರಸ್ತೆ ಕೂಡುವಲ್ಲಿ ಎರಡಂತಸ್ತಿನ ಮೇಲ್ಸೇತುವೆ 2020ರಲ್ಲಿ ತೆರೆಯಿತು, ಮುಖ್ಯರಸ್ತೆಯ ಗೋಳು ಕೊಂಚ ತಗ್ಗಿತು. ಆದರೆ ಬೆಳ್ಳಿ ಕಾಲ್ಗೆಜ್ಜೆ ಮಾಡುವ ಶೆವ್ವಾಪೇಟೆಯ ಓಣಿಗಳಲ್ಲಿ, ಮಗ್ಗದ ಮನೆಗಳಿರುವ ಅಮ್ಮಾಪೇಟೆಯಲ್ಲಿ ಇಂದಿಗೂ ಎರಡು ಆಟೋ ಎದುರುಬದುರಾದರೆ ಒಂದು ಹಿಂದೆ ಸರಿಯಬೇಕು. ಅಲ್ಲಿ ಕೆಲಸಕ್ಕೆ ಬರುವುದು ಕುದುರೆ ಬಲವಲ್ಲ. ಅಗಲ ಹ್ಯಾಂಡಲನ್ನು ಪೂರ್ತಿ ತಿರುಗಿಸಿ, ಒಂದು ಕಾಲೂರಿ, ಒಂದೇ ಸಲಕ್ಕೆ ಗಾಡಿಯನ್ನು ಹಿಂದಕ್ಕೆ ತಿರುಗಿಸುವ ಅನುಕೂಲ. ಫೇರಿಂಗ್ ಇರುವ ಬೈಕುಗಳಲ್ಲಿ ಹ್ಯಾಂಡಲ್ ತಗ್ಗಿನಲ್ಲಿದ್ದು ಅಷ್ಟು ತಿರುಗುವುದಿಲ್ಲ, ಮಣಿಕಟ್ಟಿನ ಮೇಲೆ ಮೈಭಾರ ಬೀಳುತ್ತದೆ. ಜೊತೆಗೆ ಏಪ್ರಿಲ್ ತಿಂಗಳ ಸೇಲಂ ಬಿಸಿಲು. ಸಿಗ್ನಲ್ಲಿನಲ್ಲಿ ನಿಂತಾಗ ಪ್ಲಾಸ್ಟಿಕ್ಕಿನೊಳಗೆ ಕಟ್ಟಿಕೊಂಡ ಎಂಜಿನ್ನಿನ ಝಳ ತೊಡೆಗೆ ಬಡಿಯುತ್ತದೆ. ತೆರೆದ ಎಂಜಿನ್ನಿನ ಬಿಸಿ ಗಾಳಿಗೆ ಹೋಗುತ್ತದೆ.

ಈ ಗಾಡಿಗಳ ನಿಜವಾದ ಊರು ಮಾತ್ರ ಬೆಟ್ಟ. ಸೇಲಂ ಪೇಟೆ ಸಮುದ್ರಮಟ್ಟದಿಂದ ಮುನ್ನೂರು ಮೀಟರಿಗೂ ಕಡಿಮೆ ಎತ್ತರದಲ್ಲಿದೆ. ಶೇವರಾಯ್ ಬೆಟ್ಟದ ಮೇಲಿನ ಏರ್ಕಾಡು ಸುಮಾರು ಸಾವಿರದೈನೂರು ಮೀಟರ್ ಎತ್ತರದಲ್ಲಿದೆ. ನಡುವಿನ ದಾರಿ ಮೂವತ್ತು ಕಿಲೊಮೀಟರ್ ಅಷ್ಟೇ. ಗೋರಿಮೇಡು ದಾಟಿ ಬೆಟ್ಟದ ಬುಡ ಮುಟ್ಟಿದ ಮೇಲೆ ಇಪ್ಪತ್ತು ಹೇರ್‌ಪಿನ್ ತಿರುವುಗಳು. ಪ್ರತಿ ತಿರುವಿನಲ್ಲೂ ಅದರ ಸಂಖ್ಯೆ ಬರೆದ ಫಲಕ.

ಒಂದು ತಿರುವನ್ನು ಹತ್ತಿರದಿಂದ ನೋಡೋಣ. ಬಲಕ್ಕೆ ಮಡಚಿಕೊಳ್ಳುವ ಹೇರ್‌ಪಿನ್, ಮೇಲಿಂದ ಸರ್ಕಾರಿ ಬಸ್ಸು ಇಳಿಯುತ್ತಿದೆ. ಬಸ್ಸಿಗೆ ತಿರುವಿನ ಇಡೀ ಅಗಲ ಬೇಕು. ಹತ್ತುವ ಗಾಡಿಗೆ ದಾರಿ ಮೊದಲು ಎಂಬುದು ಘಾಟಿಯ ನಿಯಮವಾದರೂ ಇಲ್ಲಿ ಬಸ್ಸಿಗೆ ಕಾಯುವುದೇ ಬುದ್ಧಿವಂತಿಕೆ. ತಿರುವಿಗೆ ಮುಂಚೆಯೇ ವೇಗ ಇಳಿಸಿ, ಎರಡನೆಯ ಗೇರಿಗೆ ಬಂದು, ಹಾರ್ನ್ ಒತ್ತಿ, ಎಡ ಅಂಚಿನಲ್ಲಿ ನಿಲ್ಲುತ್ತೀರಿ. ಏರಿನಲ್ಲಿ, ಹಿಂದೆ ಒಬ್ಬರು ಕೂತಿರುವಾಗ, ನಿಂತ ಗಾಡಿಯನ್ನು ಹಿಂಬದಿ ಬ್ರೇಕಿನಲ್ಲಿ ಹಿಡಿದು ಮತ್ತೆ ಎತ್ತಬೇಕು. 130 ಕಿಲೊ ಗಾಡಿಯಲ್ಲಿ ಇದು ಒಂದು ಕ್ಷಣದ ಕೆಲಸ. 200 ಕಿಲೊ ಗಾಡಿ ಆ ಓರೆಯಲ್ಲಿ ಒಮ್ಮೆ ವಾಲಿತೆಂದರೆ ಕಾಲಿನ ಬಲಕ್ಕೆ ನಿಲ್ಲುವುದಿಲ್ಲ. ಬಸ್ಸು ಹೋಯಿತು. ಈಗ ಕಣ್ಣು ಮುಂದಿನ ಚಕ್ರದ ಮೇಲಲ್ಲ, ತಿರುವು ಬಿಚ್ಚಿಕೊಳ್ಳುವ ಕಡೆಗೆ. ಹ್ಯಾಂಡಲಿನ ಬಲತುದಿಯನ್ನು ತುಸು ಮುಂದಕ್ಕೆ ಒತ್ತಿದರೆ ಗಾಡಿ ತಾನೇ ಬಲಕ್ಕೆ ಒರಗುತ್ತದೆ. ಹ್ಯಾಂಡಲ್ ಅಗಲವಾಗಿರುವುದರಿಂದ ಬೆರಳಿನಷ್ಟು ಒತ್ತಡ ಸಾಕು. ನಡು ದಾಟಿದೊಡನೆ ನಿಧಾನವಾಗಿ ಆಕ್ಸಿಲರೇಟರ್ ತಿರುವಿದರೆ ಗಾಡಿ ಎದ್ದು ನಿಲ್ಲುತ್ತದೆ, ಅಷ್ಟರಲ್ಲಿ ಮುಂದಿನ ತಿರುವು ಬಂದಿರುತ್ತದೆ. ಕೆಲಸದ ವಾರವನ್ನೆಲ್ಲ ಮರೆಸುವ ಖುಷಿ ಇದು. ಇದರ ವೇಗ ಗಂಟೆಗೆ ಮೂವತ್ತು ನಲವತ್ತು ಕಿಲೊಮೀಟರ್ ಮಾತ್ರ.

ಮೇಲೇರಿದಂತೆ ಗಾಳಿ ತೆಳ್ಳಗಾಗುತ್ತದೆ. ಏರ್ಕಾಡು ಮುಟ್ಟುವ ಹೊತ್ತಿಗೆ ಎಂಜಿನ್ನಿನ ಬಲದಲ್ಲಿ ಸರಿಸುಮಾರು ಹತ್ತರಲ್ಲೊಂದು ಪಾಲು ಕುಂದಿರುತ್ತದೆ. ಹಳೆಯ ಕಾರ್ಬುರೇಟರ್ ಗಾಡಿ ಮೇಲೆ ಪೆಟ್ರೋಲು ಹೆಚ್ಚಾಗಿ ಕುಡಿದು ಸ್ವಲ್ಪ ಮಂಕಾಗುತ್ತದೆ. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ನಿಯಮ ಬಂದ ಮೇಲಿನ ಫ್ಯೂಯಲ್ ಇಂಜೆಕ್ಷನ್ ಗಾಡಿಗಳು ಪೆಟ್ರೋಲಿನ ಪ್ರಮಾಣವನ್ನು ತಾವೇ ಸರಿಮಾಡಿಕೊಳ್ಳುತ್ತವೆ. ಕಳೆದ ಬಲವನ್ನು ಮಾತ್ರ ಯಾವುದೂ ಮರಳಿಸಲಾರದು.

ಹಗುರವಾದರೆ ಪೆಟ್ರೋಲು ಬಹಳ ಉಳಿಯುತ್ತದೆ ಎಂದು ಹೇಳುವವರ ಮಾತು ಪೂರಾ ನಿಜವಲ್ಲ. ಐವತ್ತು ಕಿಲೊ ಹೆಚ್ಚುವರಿ ಭಾರವನ್ನು ಸೇಲಂನಿಂದ ಏರ್ಕಾಡಿಗೆ, ಅಂದರೆ ಸುಮಾರು 1200 ಮೀಟರ್ ಮೇಲಕ್ಕೆ ಎತ್ತಲು ಬೇಕಾದ ಪೆಟ್ರೋಲು, ಎಂಜಿನ್ನಿನಲ್ಲಿ ಪೋಲಾಗುವುದನ್ನೂ ಸೇರಿಸಿ ಲೆಕ್ಕ ಹಾಕಿದರೆ, ಸುಮಾರು 75 ಮಿಲಿ. ಅಂಥ ದೊಡ್ಡ ಮೊತ್ತವೇನಲ್ಲ. ಮೈಲೇಜಿನ ವ್ಯತ್ಯಾಸ ಹೆಚ್ಚಾಗಿ ಬರುವುದು ಎಂಜಿನ್ನಿನ ಗಾತ್ರದಿಂದ, ಓಡಿಸುವವನ ಕೈಯಿಂದ. ತೂಕದ ಬೆಲೆ ತೆರುವುದು ಜೇಬಲ್ಲ, ತೋಳು ಮತ್ತು ಸೊಂಟ.

ಬೀಳುವ ಮಾತನ್ನೂ ಆಡಬೇಕು. ಮರಳು ಚೆಲ್ಲಿದ ತಿರುವಿನಲ್ಲಿ ನಿಧಾನವಾಗಿ ಜಾರಿದರೆ ಫೇರಿಂಗ್ ಇರುವ ಬೈಕಿಗೆ ಇಡೀ ಪ್ಲಾಸ್ಟಿಕ್ ಪ್ಯಾನಲ್ಲೇ ಬದಲಾಗಬೇಕು, ಅದೂ ಷೋರೂಮಿನಿಂದ ತರಿಸಿ. ತೆರೆದ ಗಾಡಿಯಲ್ಲಿ ಮುರಿಯುವುದು ಕ್ಲಚ್ ಲಿವರ್, ಇಂಡಿಕೇಟರ್, ಫುಟ್‌ರೆಸ್ಟ್. ಇವು ಮೂರೂ ಪಾಲಕ್ಕೋಡಿನ, ಹರೂರಿನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ನೇತಾಡುತ್ತಿರುತ್ತವೆ.

ಪೆನ್ನಾಗರಂ ದಾರಿಯ ಗ್ಯಾರೇಜೊಂದರಲ್ಲಿ ಕನ್ನಡ ಮಾತಾಡುವ ಮೇಸ್ತ್ರಿಯೊಬ್ಬರು ಚೈನು ಬಿಗಿಸುವುದನ್ನು ನೋಡುತ್ತ ಕೂತಿದ್ದೆ. ಮಧ್ಯದ ಸ್ಟ್ಯಾಂಡಿಗೆ ಗಾಡಿ ಏರಿಸಿ, ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸುತ್ತ, ಎರಡು ಸ್ಪ್ರಾಕೆಟ್ಟುಗಳ ನಡುವೆ ಚೈನನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿ ನೋಡಿದರು. ಆಟ ಒಂದು ಅಂಗುಲದಷ್ಟಿರಬೇಕು. ಆಕ್ಸಲ್ ನಟ್ಟು ಸಡಿಲಿಸಿ, ಎಡಬಲದ ಗುರುತಿನ ಗೆರೆಗಳು ಸಮ ಇವೆಯೇ ಎಂದು ಎರಡು ಸಲ ಬಗ್ಗಿ ನೋಡಿ, ಒಂದೊಂದೇ ಸುತ್ತು ಬಿಗಿದರು. ಒಂದು ಕಡೆ ಹೆಚ್ಚು ಎಳೆದರೆ ಚಕ್ರ ಓರೆಯಾಗಿ ಟಯರು ಒಂದೇ ಬದಿ ಸವೆಯುತ್ತದೆ. "ಬಾಳ ಬಿಗಿ ಮಾಡ್ಬೇಡಿ ಸಾರ್, ಇಬ್ರು ಕೂತ್ರೆ ತಾನೇ ಬಿಗಿ ಆಗುತ್ತೆ" ಎಂದರು. ಆಮೇಲೆ ಬ್ರಷ್ಷಿನಿಂದ ಕೆಂಪು ಧೂಳು ಒರೆಸಿ ಎಣ್ಣೆ ಬಿಟ್ಟರು. ಚೈನಿಗೆ ಐನೂರು ಕಿಲೊಮೀಟರಿಗೊಮ್ಮೆ ಈ ಉಪಚಾರ ಬೇಕು, ಮಣ್ಣುದಾರಿಯವರಿಗೆ ಇನ್ನೂ ಬೇಗ. ಲ್ಯಾಪ್‌ಟಾಪ್ ಜೋಡಿಸದೆ, ಎರಡು ಸ್ಪ್ಯಾನರಿನಲ್ಲಿ ಹತ್ತು ನಿಮಿಷಕ್ಕೆ ಮುಗಿಯುವ ಕೆಲಸ. ಹೊಸ ಗಾಡಿಗಳಲ್ಲೂ ಚೈನು, ಬ್ರೇಕು, ಕ್ಲಚ್ ಕೇಬಲ್, ಏರ್ ಫಿಲ್ಟರ್ ಇಷ್ಟರ ಮಟ್ಟಿಗೆ ಹೀಗೆಯೇ ಊರಿನ ಕೈಗೆ ಸಿಗುವಂತಿವೆ. ಊರಿನ ಮೇಸ್ತ್ರಿ ಬದುಕುವುದೂ ಇಂಥ ಗಾಡಿಗಳಿಂದಲೇ.

ಓಡಾಡಲು ದಾರಿಗಳಿಗೇನು ಕಡಿಮೆ! ಧರ್ಮಪುರಿ ಕೋಟೆಯಲ್ಲಿ ನೊಳಂಬರ ಕಾಲದ ಕೆತ್ತನೆಯುಳ್ಳ ಗುಡಿಗಳಿವೆ. ಈ ಊರು ತಗಡೂರೆಂಬ ಹೆಸರಿನಲ್ಲಿ ಅವರ ಆಳ್ವಿಕೆಗೆ ಸೇರಿತ್ತು. ಕನ್ನಡದವರು ಒಮ್ಮೆಯಾದರೂ ಗಾಡಿ ನಿಲ್ಲಿಸಿ ನೋಡಬೇಕು. ಅಲ್ಲಿಂದ ಪೆನ್ನಾಗರಂ ಮೂಲಕ ಹೊಗೇನಕಲ್ ಐವತ್ತು ಕಿಲೊಮೀಟರಿಗೆ ತುಸು ಕಡಿಮೆ. ಪೆನ್ನಾಗರಂ ದಾಟಿದ ಮೇಲೆ ಕಾಡಿನ ಇಳಿಜಾರು, ಆನೆ ದಾಟುವ ಜಾಗ. ಸಂಜೆ ಕವಿದ ಮೇಲೆ ಆ ದಾರಿಗೆ ಇಳಿಯಬಾರದು. ಆಚೆ ದಡ ನಮ್ಮ ಚಾಮರಾಜನಗರ ಜಿಲ್ಲೆ. ಸೇಲಂನಿಂದ ಹರೂರಿಗೆ ಹೋಗುವಾಗ ಸಿಗುವ ಮಂಜವಾಡಿ ಕಣಿವೆ ಏರ್ಕಾಡಿನಷ್ಟು ಹೆಸರು ಮಾಡಿಲ್ಲ. ನನಗೆ ಅದೇ ಹೆಚ್ಚು ಇಷ್ಟ, ವಾಹನ ಕಡಿಮೆ, ತಿರುವು ಮೃದು. ಮೆಟ್ಟೂರಿನ ಕಡೆಗೆ ಮೇಚೇರಿ ಮಾರ್ಗವೂ ಇದೆ.

ಹಗುರ ಗಾಡಿಗೆ ಸಲ್ಲದ ಜಾಗವೆಂದರೆ 44ನೇ ಹೆದ್ದಾರಿ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ ಅರವತ್ತರಿಂದ ತೊಂಬತ್ತಕ್ಕೆ ಹೋದರೆ ಎದೆಗೆ ಬಡಿಯುವ ಗಾಳಿಯ ಒತ್ತಡ ಎರಡೂಕಾಲು ಪಟ್ಟು. ಅದನ್ನು ಸೀಳಲು ಬೇಕಾದ ಶಕ್ತಿ ಮೂರು ಪಟ್ಟಿಗೂ ಮಿಗಿಲು. ಹನ್ನೊಂದು ಅಶ್ವಶಕ್ತಿಯ ಗಾಡಿಯಲ್ಲಿ ತೊಂಬತ್ತರ ಮೇಲೆ ಉಳಿಸಿಕೊಂಡದ್ದು ಏನೂ ಇರುವುದಿಲ್ಲ, ಓವರ್‌ಟೇಕ್ ಮಾಡುವ ಹೊತ್ತಿಗೆ ಅದು ಸಾಲದು. ವೋಲ್ವೊ ಬಸ್ಸು ಪಕ್ಕದಲ್ಲಿ ಹಾದಾಗ ಗಾಡಿ ಒಂದಡಿ ಅತ್ತ ಸರಿಯುತ್ತದೆ. ಬೆಂಗಳೂರಿನಿಂದ ಸೇಲಂಗೆ ಇನ್ನೂರು ಕಿಲೊಮೀಟರ್. ವಾರವಾರವೂ ಅಷ್ಟು ದೂರ ಹೋಗಿ ಬರುವವರಿಗೆ ಬಸ್ಸು ಅಥವಾ ರೈಲೇ ಮೇಲು ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಗಾಡಿ ಊರಿನಲ್ಲೇ ಇರಲಿ.

ಈಗ ಕೊಳ್ಳುವವರಿಗೆ ಕೆಲವು ಮಾತು. ಆರ್‌ಎಕ್ಸ್ 100 ಹುಚ್ಚು ಈ ಜಿಲ್ಲೆಗಳಲ್ಲೂ ಜೋರಾಗಿದೆ. 98 ಸಿಸಿ, ಹನ್ನೊಂದು ಅಶ್ವಶಕ್ತಿ, ನೂರು ಕಿಲೊ ಆಸುಪಾಸಿನ ಮೈ. ಅಂಥ ಚುರುಕು ಗಾಡಿ ಮತ್ತೆ ಬರಲಿಲ್ಲ ಎಂಬುದು ನಿಜ. ಆದರೆ 1996ರಲ್ಲೇ ಅದರ ತಯಾರಿಕೆ ನಿಂತಿದೆ. ಟೂ ಸ್ಟ್ರೋಕ್ ಎಂಜಿನ್ನಿಗೆ ಇಳಿಜಾರಿನಲ್ಲಿ ಗೇರಿನ ಹಿಡಿತ ಕಡಿಮೆ, ಎಲ್ಲ ಭಾರ ಡ್ರಮ್ ಬ್ರೇಕಿನ ಮೇಲೆ ಬಿದ್ದು ಅದು ಕಾಯುತ್ತದೆ. ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಬಹಳ ಹೊತ್ತು ಇಳಿದರೆ ಪಿಸ್ಟನ್ನಿಗೆ ಹೋಗುವ ಎಣ್ಣೆಯೂ ಕಡಿಮೆಯಾಗುತ್ತದೆ. ಬಲ್ಲವರು ನಡುನಡುವೆ ಒಮ್ಮೆ ತಿರುವಿ ಬಿಡುವುದು ಅದಕ್ಕೇ. ಪ್ರೀತಿಗಾಗಿ ಇಟ್ಟುಕೊಳ್ಳುವವರು ಇಟ್ಟುಕೊಳ್ಳಲಿ, ದಿನಾ ಆಫೀಸಿಗೆ ಹೋಗುವವರಿಗೆ ಅದು ಬೇಡ.

ಪೇಟೆಯೊಳಗಿನ ಓಡಾಟವಷ್ಟೇ ಆದರೆ 125 ಸಿಸಿ ಸಾಕು. ಘಾಟಿ ಹತ್ತಿ ಇಳಿಯುವ ಆಸೆ ಇದ್ದರೆ 150–160ರ ಗಾಡಿಗೆ ಹೋಗಿ. ಕಾರಣ ಎಂಜಿನ್ನಿಗಿಂತ ಬ್ರೇಕು. 125 ಸಿಸಿ ಮೀರಿದ ಗಾಡಿಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯವಾಯಿತು. ಅದರೊಳಗಿನವಕ್ಕೆ ಎರಡು ಬ್ರೇಕುಗಳನ್ನು ಜೋಡಿಸುವ ಸಿಬಿಎಸ್ ಇದ್ದರೆ ಸಾಕೆಂದು ಆಗ ನಿಯಮವಾಯಿತು. ಮಳೆಗೆ ನೆನೆದ ತಿರುವಿನಲ್ಲಿ ಮುಂದಿನ ಚಕ್ರ ಕಚ್ಚಿಕೊಳ್ಳದಂತೆ ಕಾಯುವುದು ಎಬಿಎಸ್. ದುಡ್ಡಿನ ಮಾತಿಗೆ ಬಂದರೆ, 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಕೆಎ ನಂಬರಿನ ಹಳೆಯ ಗಾಡಿಯನ್ನು ಬೆಂಗಳೂರಿನಲ್ಲಿ ಕೊಂಡು ಊರಿಗೆ ಒಯ್ಯುವವರು ಎನ್‌ಒಸಿ ಪಡೆದುಕೊಳ್ಳಿ. ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿ ಗಾಡಿ ಇಟ್ಟುಕೊಂಡರೆ ಅಲ್ಲಿ ಮರುನೋಂದಣಿ ಆಗಲೇಬೇಕು.

ಕೊನೆಯದಾಗಿ ತೊಪ್ಪೂರು. ಧರ್ಮಪುರಿಯಿಂದ ಸೇಲಂ ಕಡೆಗೆ ಹೆದ್ದಾರಿ ಅಲ್ಲಿ ಉದ್ದಕ್ಕೂ ಇಳಿಯುತ್ತದೆ. ಭಾರ ಹೊತ್ತ ಲಾರಿಗಳು ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿದು, ಬ್ರೇಕು ಕಾದು ಹಿಡಿತ ತಪ್ಪಿ ಮುಂದಿನ ವಾಹನಗಳ ಮೇಲೆ ಹೋದದ್ದುಂಟು. 2024ರ ಜನವರಿಯಲ್ಲಿ ಅಲ್ಲಿ ಒಂದಾದ ಮೇಲೊಂದು ವಾಹನ ಗುದ್ದಿಕೊಂಡು ನಾಲ್ವರು ಸತ್ತರು. ಬೈಕು ಎಷ್ಟೇ ಹಗುರವಾಗಿರಲಿ, ಹಿಂದಿನಿಂದ ಬರುವ ಲಾರಿಗೆ ಅದು ಲೆಕ್ಕವಲ್ಲ. ಆ ಇಳಿಜಾರಿನಲ್ಲಿ ಎಡ ಅಂಚು ಬಿಡಬೇಡಿ, ಎರಡು ಲಾರಿಗಳ ನಡುವೆ ಸಿಕ್ಕಿಕೊಳ್ಳಬೇಡಿ, ಕನ್ನಡಿಯಲ್ಲಿ ಲಾರಿ ಬೇಗ ಬೆಳೆಯುತ್ತಿದ್ದರೆ ಪಕ್ಕಕ್ಕೆ ಇಳಿದು ನಿಂತು ಅದಕ್ಕೆ ದಾರಿ ಕೊಡಿ. ಹಿಂದೆ ಕೂತವರ ತಲೆಗೂ ಹೆಲ್ಮೆಟ್ ಇರಲಿ. ರಾತ್ರಿ ಹೊತ್ತಿನಲ್ಲಾದರೆ ಧರ್ಮಪುರಿಯಲ್ಲೇ ಉಳಿದು ಬೆಳಿಗ್ಗೆ ಹೊರಡಿ.